ನಿಂತಾಗ ಸ್ಟಾರ್ಟ್ ಮಾಡಬೇಡ

ಬೆನ್ಸನ್ ಟೌನಿನ ಅದೇ ರಸ್ತೆ, ಅದೇ ಹಳೆಯ ಅಪಾರ್ಟ್‌ಮೆಂಟಿನ ಎದುರು ಕಾರು ಮತ್ತೆ ದಮ್ಮು ಕಳೆದುಕೊಂಡಿತು. ಮುದಸ್ಸಿರ್ ಆಕ್ಸಿಲರೇಟರ್ ತುಳಿದ. ಪೆಡಲ್ ಕಿರುಗುಟ್ಟಿತು, ಅಷ್ಟೆ. ಹಿಂದಿದ್ದ ಆಟೋದವನು ಹಾರ್ನ್ ಒತ್ತಿ, ಬೈದು, ಸುತ್ತಿಕೊಂಡು ಹೋದ.

"ನೋಡಿದ್ರಾ?" ಪಕ್ಕದಲ್ಲಿದ್ದ ಹೆಂಡತಿ ಅರೀಬಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. "ಎರಡೂ ಕಡೆ ಇಂಡಿಕೇಟರ್ ತಾನಾಗೇ ಮಿಂಚ್ತು. ನೀವು ಮುಟ್ಟಿರ್ಲಿಲ್ಲ."

"ವಯರ್ ಲೂಸ್ ಇರ್ಬೇಕು."

"ಇಲ್ಲೇ ಯಾಕ್ರೀ ಲೂಸ್ ಆಗುತ್ತೆ? ಕೆ.ಆರ್. ಪುರಕ್ಕೆ ಹೋಗ್ಬಂದ್ವಿ, ಅಲ್ಲೆಲ್ಲೂ ಆಗ್ಲಿಲ್ಲ. ಇದರಲ್ಲಿ ಯಾರೋ ಇದ್ದಾರೆ."

ಸ್ವಲ್ಪ ಹೊತ್ತಿಗೆ ಕಾರು ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಕಮ್ಮನಹಳ್ಳಿಯ ಮನೆ ಮುಟ್ಟಿದ ಮೇಲೆ ಅರೀಬಾ ಇಳಿದು, ಬಾಗಿಲು ದೂಡಿ, ಇನ್ನು ಇದನ್ನು ಹತ್ತುವುದಿಲ್ಲ ಎಂದಳು.

ಮುದಸ್ಸಿರ್‌ಗೆ ದೆವ್ವಕ್ಕಿಂತ ರಸ್ತೆಯ ಭಯ ಹೆಚ್ಚು. ಹೆರಿಗೆಗೆ ಹೊರಟಾಗ ಮೊದಲ ಮಗು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಆಟೋದಲ್ಲೇ ತೀರಿಹೋಗಿತ್ತು. ಈ ಸಲ ಸ್ವಂತ ಗಾಡಿ ಇರಲಿ ಎಂದು ಶಿವಾಜಿನಗರದ ಬ್ರೋಕರ್ ಲತೀಫನಿಂದ ಈ ಹಳೆಯ ಮಾರುತಿ ಜೆನ್ ಕಾರು ಕೊಂಡಿದ್ದ. ಓನರ್ ದುಬೈಗೆ ಹೋದ, ಕಾಗದ ಆಮೇಲೆ ಬರುತ್ತೆ, ಕೀಲಿ ಒಂದೇ ಇರೋದು ಎಂದಿದ್ದ ಲತೀಫ್. ಹೆರಿಗೆ ಇಂದೋ ನಾಳೆಯೋ ಎನ್ನುವಂತಿತ್ತು. ಆಸ್ಪತ್ರೆಗೆ ಬೇರೆ ದಾರಿ ಹಿಡಿಯಬಹುದು. ಆದರೆ ಇಲ್ಲಿ ನಿಂತದ್ದು ನಾಳೆ ಎಲ್ಲಿಯಾದರೂ ನಿಲ್ಲಬಹುದು.

ಮೆಕ್ಯಾನಿಕ್ ಜಿಯಾವುಲ್ಲಾ ಪ್ಲಗ್, ಕಾಯಿಲ್, ಪೆಟ್ರೋಲ್ ಫಿಲ್ಟರ್ ಎಲ್ಲ ಬದಲಾಯಿಸಿದ್ದ. ಟ್ಯಾಂಕ್ ಇಳಿಸಿ ತೊಳೆದಿದ್ದ. ಹಲಸೂರು ಕೆರೆಯ ಸುತ್ತ ಓಡಿಸಿದಾಗ ಗಾಡಿ ಒಮ್ಮೆಯೂ ಮುಗ್ಗರಿಸಲಿಲ್ಲ. ಬೆನ್ಸನ್ ಟೌನಿನಲ್ಲೂ ಅಷ್ಟೆ, ಒಂದು ದಿನ ಸುಮ್ಮನೆ ದಾಟುತ್ತಿತ್ತು, ಇನ್ನೊಂದು ದಿನ ನಿಲ್ಲುತ್ತಿತ್ತು.

"ಡಾಕ್ಟ್ರ ಮುಂದೆ ಕೆಮ್ಮದ ರೋಗಿ ಇದು, ಮಿಯಾ," ಎಂದ ಜಿಯಾವುಲ್ಲಾ. "ಮುಂದಿನ ಸಲ ನಿಂತಾಗ ಸ್ಟಾರ್ಟ್ ಮಾಡ್ಬೇಡ. ಕೀಲಿ ಮುಟ್ಲೇಬೇಡ. ಹಾಗೇ ಬಿಟ್ಟು ಫೋನ್ ಮಾಡು. ಸತ್ತಿರೋವಾಗ್ಲೇ ನೋಡ್ಬೇಕು."

"ಅರೀಬಾ ಮೌಲಾನಾಗೆ ತೋರಿಸಿ ಅಂತಾಳೆ, ಜಿಯಾ ಭಾಯ್."

"ಮೊದ್ಲು ನಾನು ಸೋಲ್ತೀನಿ. ಆಮೇಲೆ ಅವರು ಸೋಲ್ಲಿ."

ಮರುದಿನ ಸಂಜೆ ಮುದಸ್ಸಿರ್ ಅಂಗಡಿ ಮುಚ್ಚಿ ಒಬ್ಬನೇ ಹೊರಟ. ಅದೇ ರಸ್ತೆ. ಇಂಡಿಕೇಟರ್ ಮಿಂಚಿತು. ಇಂಜಿನ್ ಸತ್ತಿತು. ಕೈ ತಾನಾಗಿ ಕೀಲಿಗೆ ಹೋಯಿತು. ಹಿಂದಕ್ಕೆಳೆದುಕೊಂಡು ಫೋನ್ ಮಾಡಿದ.

"ಬರ್ತಿದ್ದೀನಿ. ಅಲ್ಲೇ ಇರು," ಎಂದ ಜಿಯಾವುಲ್ಲಾ.

ಮುದಸ್ಸಿರ್ ಇಳಿದು ಬಾನೆಟ್ ಎತ್ತಿದ. ಒಳಗೆ ಎಲ್ಲವೂ ನೆಟ್ಟಗೇ ಕಾಣುತ್ತಿತ್ತು. ಇಷ್ಟು ಹೊತ್ತು ಅವನು ಇಲ್ಲಿ ಎಂದೂ ನಿಂತಿರಲಿಲ್ಲ. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಮಸೀದಿಯಿಂದ ಮುಸ್ಸಂಜೆಯ ಮಗ್ರಿಬ್ ಆಜಾನ್ ಕೇಳಿಬಂದು ನಿಂತಿತು.

ಬೆನ್ನ ಹಿಂದೆ ಏದುಸಿರು. ಬರಿಗಾಲಿನ ಹೆಜ್ಜೆ, ಒಂದು ಕಾಲು ಎಳೆಯುವ ಸದ್ದು. ಮುದಸ್ಸಿರ್ ದುವಾ ಶುರು ಮಾಡಿದ, ಅರ್ಧಕ್ಕೇ ಮರೆತುಹೋಯಿತು. ತಿರುಗಿದ.

ಐವತ್ತರ ಆಸುಪಾಸಿನ ಹೆಂಗಸು. ಒಂದು ಕೈ ಕಾರಿನ ಮೇಲೆ ಊರಿಕೊಂಡು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಪುಟ್ಟ ಕಪ್ಪು ರಿಮೋಟ್. ಅವಳು ಅದನ್ನು ಒತ್ತಿದಳು. ಎರಡೂ ಕಡೆ ಇಂಡಿಕೇಟರ್ ಮಿಂಚಿತು.

"ನಂಬರ್ ಪ್ಲೇಟ್ ಬೇರೆ ಹಾಕಿದ್ದೀಯ, ಅದಕ್ಕೇ ಇದು ನಮ್ಮ ಕಾರು ಅಂದ್ರೆ ಯಾರೂ ನಂಬ್ಲಿಲ್ಲ. ಬಾಲ್ಕನಿಯಲ್ಲಿದ್ದಾಗೆಲ್ಲ, ಕಳ್ಳರಿಗೆ ಅಂತ ಹಾಕ್ಸಿದ್ದ ಈ ರಿಮೋಟ್ ಒತ್ತಿ ಇಂಜಿನ್ ನಿಲ್ಲಿಸ್ತೀನಿ. ಈ ಕಾಲು ಎಳ್ಕೊಂಡು ಮೆಟ್ಟಿಲು ಇಳಿಯೋಷ್ಟರಲ್ಲಿ ಮತ್ತೆ ಸ್ಟಾರ್ಟ್ ಮಾಡಿ ಓಡಿಹೋಗ್ತೀಯ."

ಅವಳು ಅವನ ಕಾಲರ್ ಹಿಡಿದಳು.

"ಈ ಕಾರಲ್ಲಿ ಹೋದ ನನ್ನ ಗಂಡನ್ನ ಏನು ಮಾಡ್ದೆ?"