ಹತ್ತು ಜನ ನಿರುದ್ಯೋಗಿಗಳು ಬೇಕಾಗಿದ್ದಾರೆ

"ಭಾವ, ಕೈ ಮುಗೀತೀನಿ. ಒಂದು ಹದಿನೈದು ದಿನ ನಿರುದ್ಯೋಗಿ ಆಗಿಬಿಡಿ," ಎಂದು ಗುಮಾಸ್ತ ಏಣಿಯ ಬುಡದಲ್ಲಿ ನಿಂತು ಅಂಗಲಾಚಿದ.

ಮೇಲೆ ಗೋಡೆಗೆ ಗಾರೆ ಮೆತ್ತುತ್ತಿದ್ದ ಅಕ್ಕನ ಗಂಡ ಕರಣೆ ನಿಲ್ಲಿಸಲಿಲ್ಲ. "ಹುಚ್ಚು ಗಿಚ್ಚು ಹಿಡೀತೇನಯ್ಯಾ? ಇನ್ನೂ ಮೂರು ಮನೆ ಕೆಲಸ ಬಾಕಿ ಇದೆ. ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ."

"ಎರಡು ವರ್ಷದ ಹಿಂದೆ ನೀವೇ ತಾನೆ ಕೆಲಸ ಕೊಡಿ ಅಂತ ಅರ್ಜಿ ಹಾಕಿದ್ದು?"

"ಆಗ ಕಾರ್ಖಾನೆ ಮುಚ್ಚಿ ಊರಿಗೆ ಊರೇ ನೊಣ ಹೊಡೀತಿತ್ತು. ನಿಮ್ಮ ಸರ್ಕಾರ ಆಗೆಲ್ಲಿ ಮಲಗಿತ್ತು?"

ಮಲಗಿರಲಿಲ್ಲ, ಪಾಪ. ಜನರ ಕೈ ಖಾಲಿಯಿದ್ದಾಗ ಸರ್ಕಾರವೇ ಕೈಬಿಚ್ಚಿ ಖರ್ಚು ಮಾಡಬೇಕೆಂದು ಆಗಲೇ ಕಾಲುವೆ ತೋಡಿಸುವ ಯೋಜನೆ ಹಾಕಿತ್ತು. ಆದರೆ ಕಡತ ಮೇಜಿನಿಂದ ಮೇಜಿಗೆ ತೆವಳಿ, ಮೊಹರುಗಳನ್ನೆಲ್ಲ ಹೊತ್ತು ಬರುವಷ್ಟರಲ್ಲಿ ಕಾರ್ಖಾನೆ ಮತ್ತೆ ತೆರೆದು, ಪಕ್ಕದಲ್ಲಿ ಇನ್ನೊಂದೂ ಎದ್ದಿತ್ತು. ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದ ಸೋಮಾರಿಗಳು ಕೂಡ ಅಲ್ಲಿ ಕಾವಲಿಗೆ ಸೇರಿದ್ದರು.

ಇಂದು ಸಂಜೆ ಐದರೊಳಗೆ ಹತ್ತು ನಿರುದ್ಯೋಗಿಗಳ ಸಹಿ ಬೀಳದಿದ್ದರೆ ಯೋಜನೆ ರದ್ದು. ಯೋಜನೆಗೆಂದೇ ತೆರೆದ ಕಚೇರಿಗೆ ಬೀಗ, ಕಚೇರಿಗೆಂದೇ ತೆಗೆದುಕೊಂಡ ಹಂಗಾಮಿ ಗುಮಾಸ್ತನಿಗೆ ಮನೆಯ ದಾರಿ. ಐವತ್ತೆರಡು ವರ್ಷದ ಅವನದು ಲೇಖನಿಗಿಂತ ಭಾರವಾದದ್ದನ್ನು ಎತ್ತಿದ ಕೈಯಲ್ಲ. ಹೆಂಡತಿಗೆ ಇನ್ನೂ ಹೇಳಿರಲಿಲ್ಲ.

"ಬರೀ ಒಂದು ಸಹಿ, ಭಾವ!"

"ಸುಳ್ಳು ಸಹಿ ನಾನು ಹಾಕಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ! ಆಚೆ ಸರಿ, ಗಾರೆ ಬೀಳುತ್ತೆ."

ಬಿತ್ತು, ಸರಿಯಾಗಿ ಗುಮಾಸ್ತನ ಕೈಯಲ್ಲಿದ್ದ ಸಹಿ ಪಟ್ಟಿಯ ಮೇಲೆಯೇ.

ಐದು ಗಂಟೆಗೆ ಕಚೇರಿಯಲ್ಲಿ ಸಾಹೇಬರು ಪಟ್ಟಿ ನೋಡಿದರು. ಗಾರೆಯ ಕಲೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. "ಏನು ಮಾಡೋಕಾಗುತ್ತೆ? ನಾಳೆಯಿಂದ ನೀವು ಬರೋದು ಬೇಡ," ಎಂದು ಬೀಗಕ್ಕಾಗಿ ತಡಕಾಡಿದರು.

ಗುಮಾಸ್ತ ಪಟ್ಟಿಯನ್ನು ತನ್ನತ್ತ ಎಳೆದುಕೊಂಡು, ಒಂದನೇ ಸಾಲಿನಲ್ಲಿ ತನ್ನ ಹೆಸರನ್ನೇ ಬರೆದು ಸಹಿ ಹಾಕಿದ.

ಸಾಹೇಬರ ಮುಖ ಅರಳಿತು. "ಭೇಷ್! ಅಂತೂ ಒಬ್ಬರು ಸಿಕ್ಕಿದರಲ್ಲ! ನಿಮ್ಮ ಹೆಸರಲ್ಲೇ ಹೊಸ ಕಡತ ತೆರೆದು ಈಗಲೇ ಮೇಲಕ್ಕೆ ಕಳಿಸೋಣ. ಇನ್ನು ಎರಡೇ ವರ್ಷ, ನಿಮಗೆ ಕೆಲಸ ಗ್ಯಾರಂಟಿ."