ಒದ್ದೆ ಹೆಜ್ಜೆ

ಕಾಲು ಉಳುಕಿದ್ದಕ್ಕೆ ಸಣ್ಣತಿಮ್ಮಪ್ಪನಿಗೆ ಬಿದ್ದ ಖರ್ಚೆಂದರೆ ಎಕ್ಸ್‌ರೇಗೆ ನಾನೂರು, ನಾಟಿ ವೈದ್ಯರು ಕಟ್ಟಿದ ಪಟ್ಟಿಗೆ ಎಂಟುನೂರು, ಆ ಪಟ್ಟಿಯ ಲೇಪಕ್ಕೆ ಕಲಸಲು ಮನೆಯ ಕೋಳಿ ಇಟ್ಟ ಮೊಟ್ಟೆಯೆಲ್ಲ. ಇದರ ಮೇಲೆ ಎರಡು ತಿಂಗಳು ದುಡಿಯದೆ ಉಂಡ ಅರ್ಧ ಪಾಲು. ಜಗಳೂರು ಮಂಡಿಯ ಹಮಾಲರ ಗ್ಯಾಂಗಿನಲ್ಲಿ ಒಬ್ಬ ಬಿದ್ದರೆ ಮಿಕ್ಕವರು ತಮ್ಮ ಕೂಲಿಯಿಂದ ಅವನ ಅರ್ಧ ಪಾಲು ತೆಗೆದು ಮನೆಗೆ ಮುಟ್ಟಿಸುವುದು ವಾಡಿಕೆ. ಅದನ್ನು ಯಾರೂ ವಾಪಸು ಕೇಳುವುದಿಲ್ಲ. ಕೇಳದೆ ಇದ್ದುದಕ್ಕೇ ಅದು ಅವನಿಗೆ ಮೆಕ್ಕೆಜೋಳದ ಚೀಲಕ್ಕಿಂತ ಭಾರವಾಗಿತ್ತು.

ವಾಡಿಕೆಗೂ ಒಂದು ಗಡುವಿತ್ತು. ಸುಗ್ಗಿ ಶುರುವಾದ ದಿನ ಅರ್ಧ ಪಾಲು ನಿಲ್ಲುತ್ತದೆ. ಬಿದ್ದವನು ಎದ್ದು ಬಂದು ಚೀಲಕ್ಕೆ ತಲೆ ಕೊಡಬೇಕು, ಇಲ್ಲವೇ ಅವನ ಜಾಗಕ್ಕೆ ಬೇರೊಬ್ಬ ಬರುತ್ತಾನೆ. ಆ ಸೋಮವಾರ ಮೊದಲ ಲಾರಿ ಬಂದು ನಿಂತಿತ್ತು, ನೆಲದಿಂದ ಅದಕ್ಕೆ ಹಲಗೆ ಆನಿಸಿದ್ದರು. ಸಣ್ಣತಿಮ್ಮಪ್ಪ ತಲೆಗೆ ಸಿಂಬೆ ಸುತ್ತಿಕೊಂಡೇ ಬಂದ.

"ಬಂದ್ನಪ್ಪ ಮನೆ ಅಳಿಯ," ಎಂದ ನಾಗರಾಜ್. ಹಲಗೆ ಹತ್ತುವಾಗ ಯಾವತ್ತೂ ಸಣ್ಣತಿಮ್ಮಪ್ಪನ ಬೆನ್ನ ಹಿಂದೆ ಇರುವವನು ಅವನೇ. "ಕೂತು ಉಂಡು ಹೊಟ್ಟೆ ಬಂದೈತೆ ನೋಡ್ರೋ."

"ಹೊಟ್ಟೆ ಬಿಡಲೇ, ಕಾಲು ನೋಡು." ಸಣ್ಣತಿಮ್ಮಪ್ಪ ಕುಪ್ಪಳಿಸಿ ತೋರಿಸಿದ. ಹಲಗೆ ಮೇಲೆ ಓಡುತ್ತ ಹತ್ತಿ ಓಡುತ್ತಲೇ ಇಳಿದ. "ಯರ್ರಿಸ್ವಾಮಣ್ಣ, ಎಳ್ಳಷ್ಟೂ ನೋವಿಲ್ಲ."

ಮೇಸ್ತ್ರಿ ಯರ್ರಿಸ್ವಾಮಿ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ನೋವಿನ ಮಾತು ನಾನೆಲ್ಲಿ ಕೇಳಿದೆ? ಕಾಲು ತೊಳ್ಕಂಡು ಬಾ."

ಹರಾಜು ಕಟ್ಟೆಯದು ಸಿಮೆಂಟಿನ ನೆಲ. ಒದ್ದೆ ಕಾಲಲ್ಲಿ ಅವನನ್ನು ಆ ತುದಿಗೆ ನಡೆಸಿ, ಅಲ್ಲಿ ಮತ್ತೆ ನೀರು ಹೊಯ್ದು, ಕಣ್ಣಿಗೆ ಟವೆಲ್ ಬಿಗಿದು, ಯರ್ರಿಸ್ವಾಮಿ ಈ ತುದಿಗೆ ಬಂದು ಕೂಗಿದ. "ನನ್ನ ದನಿ ಹಿಡಕಂಡು ಬಾ."

"ಕಣ್ಣಾಮುಚ್ಚಾಲೆ ಆಡೋ ವಯಸ್ಸೇನಣ್ಣ ನಂದು?"

"ಚೀಲ ತಲೆ ಮ್ಯಾಲೆ ಕೂತ್ರೆ ನಿನ್ನ ಕಾಲು ನಿನಗೆ ಕಾಣ್ತೈತಾ?"

"ಇಲ್ಲ."

"ಮತ್ತೆ ಬಾಯಿ ಮುಚ್ಕಂಡು ಬಾ."

ಬಂದ. ಎಲ್ಲೂ ಎಡವಲಿಲ್ಲ. ಎರಡೂ ಪಾದ ತುಂಬ ಊರಿಯೇ ಬಂದೆನೆಂದು ಅವನಿಗೆ ಅನುಮಾನವೇ ಇರಲಿಲ್ಲ. ಟವೆಲ್ ಬಿಚ್ಚಿ, ಮೀಸೆ ಒರೆಸಿಕೊಂಡು ತಿರುಗಿದ.

ಕಣ್ಣು ಬಿಟ್ಟು ಹೋದ ಹೆಜ್ಜೆಸಾಲಿನಲ್ಲಿ ಎರಡೂ ಪಾದ ಇಡಿಯಾಗಿ ಮೂಡಿದ್ದವು. ಕಣ್ಣು ಕಟ್ಟಿಕೊಂಡು ಬಂದ ಸಾಲಿನಲ್ಲಿ ಇಡಿಯಾಗಿದ್ದದ್ದು ಎಡಗಾಲಿನದು ಮಾತ್ರ. ಬಲಗಾಲಿನದು ಕಿರುಬೆರಳಿಂದ ಹಿಮ್ಮಡಿಯವರೆಗೆ ಹೊರ ಅಂಚಿನ ಒಂದು ಪಟ್ಟಿ, ಅಷ್ಟೇ. ಹೆಬ್ಬೆರಳು ನೆಲವನ್ನೇ ಮುಟ್ಟಿರಲಿಲ್ಲ.

"ಇದು ನಂದಲ್ಲ," ಎಂದ ಸಣ್ಣತಿಮ್ಮಪ್ಪ. ಅಲ್ಲಿ ಬೇರೆ ಯಾರೂ ನಡೆದಿರಲಿಲ್ಲ.

"ನೋವು ಹೋಗೈತೆ, ಸುಳ್ಳಲ್ಲ. ಆದರೆ ತಾನು ಹೆಂಗೆ ಊರಿದೀನಿ ಅನ್ನೋದು ನಿನ್ನ ಕಾಲಿಗೆ ಇನ್ನೂ ತಿಳೀತಿಲ್ಲ. ಕಣ್ಣು ಕಾವಲಿದ್ದಷ್ಟು ಹೊತ್ತು ನೆಟ್ಟಗಿರ್ತೈತೆ. ಹಲಗೆ ಮ್ಯಾಲೆ ಹಿಂಗೆ ಹೊರಳಿತು ಅಂದ್ರೆ ನೀನು, ನಿನ್ನ ಹಿಂದೆ ನಾಗರಾಜ, ಇಬ್ಬರ ಮ್ಯಾಲೂ ಚೀಲ."

ನಾಗರಾಜ್ ಹಲಗೆಯ ಕಡೆ ಒಮ್ಮೆ ನೋಡಿದ. ಬಿಸಿಲಿಗೆ ಹೆಜ್ಜೆಗಳು ಆರತೊಡಗಿದವು.

"ನಿಂಗೆ ಹೆಂಗೆ ಗೊತ್ತಾತಣ್ಣ?" ಎಂದ ಸಣ್ಣತಿಮ್ಮಪ್ಪ.

"ಶನಿವಾರ ಪಾಲು ಕೊಡಾಕೆ ಬಂದಿದ್ನಲ್ಲ. ಆಗಷ್ಟೇ ಸಾರಿಸಿದ ಅಂಗಳದಾಗೆ ನೀನು ಫೋನು ನೋಡ್ಕಂಡು ಓಡಾಡಿದ್ದೆ. ನಿನ್ನ ಹೆಂಡ್ತಿ ಓಬವ್ವ ಕರೆದು ಆ ಹೆಜ್ಜೆ ತೋರಿಸಿದಳು."

ಆ ಸೋಮವಾರ ಸಣ್ಣತಿಮ್ಮಪ್ಪನಿಗೆ ಸಿಕ್ಕಿದ್ದು ತುಂಬಿದ ಚೀಲಗಳ ಬಾಯಿ ಹೊಲಿಯುವ ಕೆಲಸ. ಅದರ ಕೂಲಿ ಅರ್ಧಕ್ಕಿಂತ ಕಡಿಮೆ. ಅವನು ಹೊಲಿದ ಚೀಲಗಳನ್ನೇ ಹೊತ್ತು ಹೊಸಬನೊಬ್ಬ ಅವನ ಕಣ್ಣೆದುರು ಹಲಗೆ ಹತ್ತಿದ. ಹೊಸಬನ ಹಿಂದೆ ನಾಗರಾಜ್.

ಸಂಜೆ ಮನೆ ಹೊಸಿಲು ದಾಟುವ ಮೊದಲೇ ಸಣ್ಣತಿಮ್ಮಪ್ಪ ಬಾಯಿ ತೆಗೆದ. "ನನ್ನ ಅನ್ನಕ್ಕೆ ನೀನೇ ಮಣ್ಣು ಹಾಕಿದೆಯಲ್ಲೇ!"

"ಮಣ್ಣು ಅನ್ನಕ್ಕಲ್ವಾ ಬಿದ್ದದ್ದು? ನಿನ್ನ ಮ್ಯಾಲೆ ಬೀಳಲಿಲ್ಲವಲ್ಲ," ಎಂದಳು ಓಬವ್ವ. ಗೋಣಿಚೀಲವೊಂದನ್ನು ಮಡಿಚಿ ಕಂಬದ ಬುಡಕ್ಕೆ ಹಾಕಿದಳು. "ಆಸ್ಪತ್ರೆಯ ಫಿಜಿಯೋ ಅಮ್ಮನ್ನ ಕೇಳ್ಕಂಡು ಬಂದೀನಿ. ದಿನಾ ಇದರ ಮ್ಯಾಲೆ ಬಲಗಾಲಲ್ಲೇ ನಿಲ್ಲಬೇಕಂತೆ. ಮೊದಲು ಕಣ್ಣು ಬಿಟ್ಟು, ಆಮ್ಯಾಲೆ ಮುಚ್ಚಿ."

"ಕೊಕ್ಕರೆ ಹಂಗಾ?"

"ಹೂಂ. ಕೊಕ್ಕರೆ ಬಿದ್ದದ್ದು ಎಲ್ಲಾದ್ರೂ ನೋಡೀಯಾ?"

ಸಣ್ಣತಿಮ್ಮಪ್ಪ ಕೆಲವು ದಿನ ಹೆಂಡತಿಯೊಂದಿಗೆ ಮಾತು ಬಿಟ್ಟ. ಆದರೆ ದಿನಾ ಗೋಣಿಯ ಮೇಲೆ ನಿಂತ. ಮೊದಮೊದಲು ಕಣ್ಣು ಮುಚ್ಚಿದ್ದೇ ತಡ ಕಂಬ ತಬ್ಬಿಕೊಳ್ಳುತ್ತಿದ್ದ, ಆಮೇಲೆ ಬೆರಳು ತಾಗಿಸುತ್ತಿದ್ದ, ಕೊನೆಗೆ ಕಂಬದ ಗೊಡವೆ ಬಿಟ್ಟ.

ಸಂಕ್ರಾಂತಿ ಹತ್ತಿರ ಬಂದಾಗ ಓಬವ್ವ ಅಂಗಳ ಸಾರಿಸಿ, ಅವನ ಕಣ್ಣಿಗೆ ಟವೆಲ್ ಕಟ್ಟಿ ನಡೆಸಿದಳು. ಬಲಗಾಲಿನ ಹೆಬ್ಬೆರಳು ಉಗುರಿನ ಗುರುತಿನ ಸಮೇತ ಮೂಡಿತ್ತು. ಅಷ್ಟೊತ್ತಿಗೆ ಸುಗ್ಗಿ ಮುಗಿದಿತ್ತು. ಅವನ ಜಾಗ ಹೊಸಬನಿಗೆ ಖಾಯಂ ಆಗಿತ್ತು. ಸಣ್ಣತಿಮ್ಮಪ್ಪ ಬಗ್ಗಿ ಹೆಜ್ಜೆಯನ್ನು ಬಹಳ ಹೊತ್ತು ನೋಡಿದ.

"ಇದು ನಂದೇ," ಎಂದ.