ಸೋದರತ್ತಿಯ ಕುರ್ರ್
ತೊಟ್ಟಿಲಿದ್ದ ಕೋಣೆಯೊಳಗೆ ಯಾರೋ ಕೆಮ್ಮಿದ್ದು ಕೇಳಿ, ತಮ್ಮನ ಕೂಸಿಗೆ ಹೆಸರಿಡಲು ಬಂದಿದ್ದ ಈರಕ್ಕ ಹೊಸ್ತಿಲ ಹೊರಗೇ ನಿಂತಳು. ಮೂತ್ರಪಿಂಡದ ಬೇನೆಗೆ ಅವಳು ನುಂಗುತ್ತಿದ್ದ ಹೊಸ ಗುಳಿಗೆ ಬಾವು ಇಳಿಸಿತ್ತು, ರೋಗ ತಡೆಯುವ ಕಸುವನ್ನೂ ಇಳಿಸಿತ್ತು. ಸಣ್ಣ ನೆಗಡಿಯೂ ಜೀವಕ್ಕೆ ಎರವಾದೀತು, ಮಂದಿಯೊಳಗೆ ಹೋಗಬೇಡಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು.

"ಅಕ್ಕಾ, ನೀ ಅಲ್ಲೇ ಕುಂದ್ರು. ಹೆಸರು ಬ್ಯಾರೆ ಯಾರರ ಇಡ್ತಾರ" ಎಂದ ತಮ್ಮ ನಾಗಲಿಂಗಪ್ಪ.

"ಸೋದರತ್ತಿ ನಾ ಇರೂವಾಗ ಬ್ಯಾರೆಯವರು ಯಾಕ?" ಈರಕ್ಕ ಸೆರಗನ್ನು ಮೂಗಿಗೆ ಬಿಗಿದು ಒಳಗಿದ್ದ ಹೆಂಗಸರಿಗೆ ಕೈಮುಗಿದಳು. "ತಪ್ಪ ತಿಳೀಬ್ಯಾಡ್ರಿ. ಕಿಟಕಿ ತೆರದು, ನೀವೆಲ್ಲಾ ಒಂದ್ ಗಳಿಗಿ ಅಂಗಳಕ್ಕ ಬರ್ರಿ. ನಾ ಒಬ್ಬಾಕಿನ ಒಳಗ ಹೋಗ್ತೇನಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಕೆಮ್ಮಿದ್ದ ಮುದಕವ್ವಜ್ಜಿಯೇ ಮೊದಲು ಕೋಲೂರಿ ಎದ್ದಳು. "ಏಳ್ರೆವ್ವಾ, ಅಂಗಳದಾಗ ಗಾಳಿ ಚಲೋ ಐತಿ." ತೊಟ್ಟಿಲ ಬಳಿಯ ಬಾಣಂತಿಯನ್ನು ಬಿಟ್ಟು ಉಳಿದವರೂ ಅವಳ ಹಿಂದೆ ಹೊರಬಂದರು.

ಈರಕ್ಕ ಕೈ ತೊಳೆದು ಒಳಹೋಗಿ, ಕೂಸಿನ ಕಿವಿಗೆ ಬಾಗಿ, ಹೆಸರಿಡುವಾಗಿನ ವಾಡಿಕೆಯ ಸದ್ದು ತೆಗೆದು "ಕುರ್ರ್, ಗುರುಬಸವ್ವ" ಎಂದಳು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ಪದ್ಧತಿ. ಗುದ್ದಲು ಅಲ್ಲಿ ಬಾಣಂತಿಯೊಬ್ಬಳೇ ಇದ್ದಳು.

"ಎಲ್ಲಾರ ಪಾಲಿಂದೂ ನಾನ ಕೊಡ್ತೇನ್ರಿ, ಅಕ್ಕಾರ" ಎಂದು ಅವಳು ನಗುತ್ತ ಮುಷ್ಟಿ ಎತ್ತಿದಳು. ಈರಕ್ಕ ಬೆನ್ನು ಬಾಗಿಸಿ ನಿಂತಳು.